ಹೊಸಿಲಿನಿಂದ ಹೊಸಿಲಿಗೆ ನಡೆದ ನಂಬಿಕೆ

ಕಾರವಾರದ ಕಡೆ ಚರ್ಚಿಗೆ ‘ಇಗರ್ಜಿ’ ಎನ್ನುತ್ತಾರೆ. ಪೋರ್ಚುಗೀಸರ ‘ಇಗ್ರೇಜಾ’ ಕೊಂಕಣಿಯವರ ಬಾಯಲ್ಲಿ ಸವೆದು ಆದ ಮಾತದು. ಶಿಲುಬೆ ‘ಖುರಿಸ್’, ಪೂಜೆ ‘ಮೀಸ್’, ಹಬ್ಬ ‘ಫೆಸ್ತ್’. ಇವೂ ಕಡಲು ದಾಟಿ ಬಂದ ಪದಗಳೇ. ಆದರೆ ಅದೇ ಜನ ಸಂಜೆ ದೀಪ ಹಚ್ಚಿ ಪ್ರಾರ್ಥನೆಗೆ ಕುಳಿತಾಗ ದೇವರು ‘ದೇವ್’, ಪಾಪ ‘ಪಾತಕ್’, ನಂಬಿಕೆ ‘ಭಾವಾರ್ಥ್’. ಕಟ್ಟಡ ಮತ್ತು ವಿಧಿಗಳ ಹೆಸರು ಹೊರಗಿನವು. ಮನಸ್ಸಿಗೆ ಹತ್ತಿರವಾದ ಹೆಸರು ಮನೆಯವು. ಈ ಕರಾವಳಿಯ ಕ್ರೈಸ್ತರ ಇತಿಹಾಸವನ್ನು ಚುಟುಕಾಗಿ ಹೇಳಬೇಕೆಂದರೆ ಈ ಪದಗಳ ಪಟ್ಟಿಯೇ ಸಾಕು.

ಉತ್ತರ ಕನ್ನಡ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಕ್ರೈಸ್ತರು ಸುಮಾರು ಶೇಕಡ 3ರಷ್ಟು. ಸಂಖ್ಯೆ ದೊಡ್ಡದಲ್ಲ. ಆದರೆ ಕಾಳಿ ನದಿಯ ಉತ್ತರ ದಂಡೆಯ ಸದಾಶಿವಗಡದಿಂದ ಕಾರವಾರ, ಅಂಕೋಲೆ ಹಾದು ಹೊನ್ನಾವರದವರೆಗೆ ಈ ಮನೆಗಳು ಶತಮಾನಗಳಿಂದ ಇವೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾರವಾರ, ಅಂಕೋಲೆಗಳು ಗೋವೆಯ ಹಾಗೆ ಪೋರ್ಚುಗೀಸರ ಆಳ್ವಿಕೆಗೆ ಒಳಪಟ್ಟ ಊರುಗಳಲ್ಲ. 1752ರಲ್ಲಿ ಅವರು ಸದಾಶಿವಗಡದ ಕೋಟೆಯನ್ನು ಹಿಡಿದದ್ದುಂಟು, ಬಹುಕಾಲ ಉಳಿಯಲಿಲ್ಲ. 1638ರಲ್ಲಿ ಕಾರವಾರಕ್ಕೆ ಬಂದ ಇಂಗ್ಲಿಷರಿಗೆ ಬೇಕಾದದ್ದು ಮೆಣಸು ಮತ್ತು ಬಟ್ಟೆ. ಧರ್ಮಪ್ರಚಾರ ಅವರ ಲೆಕ್ಕದಲ್ಲಿ ಇರಲಿಲ್ಲ. ಹಾಗಾದರೆ ಆಳುವವರ ಬೆಂಬಲವಿಲ್ಲದೆ, ಎಷ್ಟೋ ಕಾಲ ಪಾದ್ರಿಗಳೂ ಇಲ್ಲದೆ ಈ ಧರ್ಮ ಇಲ್ಲಿ ಬೇರು ಬಿಟ್ಟದ್ದು ಹೇಗೆ?

ಉತ್ತರವನ್ನು ವೇದಿಕೆಯ ಬೋಧನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಿರುವುದು ಅಡುಗೆ ಮನೆಯಲ್ಲಿ, ಗದ್ದೆಯ ಬದುವಿನಲ್ಲಿ, ಮದುವೆಯ ಚಪ್ಪರದಲ್ಲಿ.

ಗಂಟೆ ಹಿಡಿದು ಹೊರಟವರು

ಕಥೆ ಆರಂಭವಾಗುವುದು ಗೋವೆಯಲ್ಲಿ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಗೆದ್ದ. ಫ್ರಾನ್ಸಿಸ್ ಝೇವಿಯರ್ ಅಲ್ಲಿಗೆ ಬಂದಿಳಿದದ್ದು 1542ರಲ್ಲಿ. ಕೈಯಲ್ಲಿ ಗಂಟೆ ಹಿಡಿದು ಬೀದಿಯಲ್ಲಿ ಬಾರಿಸುತ್ತ ಮಕ್ಕಳನ್ನೂ ಆಳುಗಳನ್ನೂ ಕರೆದು ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರೆಂಬುದು ಪ್ರಸಿದ್ಧ. ಮಗು ಕಲಿತದ್ದು ಮನೆಗೆ ಹೋಗುತ್ತದೆ. ತಾಯಿ ಕೇಳಿಸಿಕೊಳ್ಳುತ್ತಾಳೆ, ಅಜ್ಜಿ ಗುನುಗುತ್ತಾಳೆ. ದೊಡ್ಡವರಿಗೆ ಉಪದೇಶ ಮಾಡುವುದಕ್ಕಿಂತ ಈ ದಾರಿ ಸಲೀಸು ಎಂಬುದು ಅವರಿಗೆ ತಿಳಿದಿತ್ತು.

ಆದರೆ ಗೋವೆಯ ಕಥೆ ಇಷ್ಟು ಸರಳವಲ್ಲ. ಗಂಟೆಯ ಹಿಂದೆ ಅಧಿಕಾರವೂ ಇತ್ತು. ತಂದೆಯಿಲ್ಲದ ಹಿಂದೂ ಮಕ್ಕಳನ್ನು ಕ್ರೈಸ್ತರ ವಶಕ್ಕೆ ಕೊಡಬೇಕೆಂಬ ರಾಜಾಜ್ಞೆ 1559ರಲ್ಲಿ ಹೊರಟಿತು. 1560ರಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಅದು ಪೂರ್ತಿ ರದ್ದಾದದ್ದು 1812ರಲ್ಲಿ. ಸಾಷ್ಟಿ ಪ್ರದೇಶದಲ್ಲಿ 1567ರಲ್ಲಿ ದೇವಾಲಯಗಳು ನೆಲಸಮವಾದವು. ಮತಾಂತರಗೊಂಡವರನ್ನೂ ಈ ನ್ಯಾಯಾಲಯ ಬಿಡಲಿಲ್ಲ. ಹೊಸ ಕ್ರೈಸ್ತರು ಹಳೆಯ ಪದ್ಧತಿಯನ್ನು ಮನೆಯಲ್ಲಿ ಗುಟ್ಟಾಗಿ ಉಳಿಸಿಕೊಂಡಿದ್ದಾರೆಯೇ ಎಂದು ನೋಡುವುದೇ ಅದರ ಕೆಲಸವಾಗಿತ್ತು. ಮದುವೆಯಲ್ಲಿ ಏನು ಮಾಡಬಾರದು, ಏನನ್ನು ಉಡಬಾರದು, ಯಾವ ಹಾಡು ಹಾಡಬಾರದು ಎಂಬುದನ್ನು ವಿವರಿಸುವ ಆಜ್ಞೆ 1736ರಲ್ಲಿ ಬಂತು. ಸರ್ಕಾರವೊಂದು ಜನರ ನಂಬಿಕೆಗೆ ಕೈಹಾಕಿದರೆ ಕೊನೆಗೆ ಅವರ ಅಡುಗೆ ಮನೆಯವರೆಗೂ ಹೋಗುತ್ತದೆ ಎಂಬುದಕ್ಕೆ ಈ ಆಜ್ಞೆಯೇ ಸಾಕ್ಷಿ.

ಎರಡು ವಲಸೆ, ಒಂದೇ ದಾರಿ

ಗೋವೆಯಿಂದ ತೆಂಕಣಕ್ಕೆ ಎರಡು ವಲಸೆಗಳು ನಡೆದವು. ಮೊದಲನೆಯದು ಹಿಂದೂಗಳದ್ದು. ಗೌಡ ಸಾರಸ್ವತರೂ ಇತರರೂ ತಮ್ಮ ಕುಲದೇವತೆಗಳನ್ನು ಹೊತ್ತು ನದಿ ದಾಟಿದರು. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಸ್ಥಾನದ ದೇವರು ಹೀಗೆ ಗೋವೆಯಿಂದ ಬಂದವರೆಂಬುದು ಅದರ ಕುಳಾವಿಗಳ ಪರಂಪರಾಗತ ನೆನಪು. ಎರಡನೆಯದು ಕ್ರೈಸ್ತರದ್ದು. ಬರಗಾಲ, ರೋಗರುಜಿನ, ತೆರಿಗೆಯ ಹೊರೆ, ಇನ್‌ಕ್ವಿಸಿಶನ್ನಿನ ಭಯ, 1683ರಲ್ಲಿ ಸಂಭಾಜಿಯ ದಾಳಿ, ಆಮೇಲಿನ ಮರಾಠಾ ಯುದ್ಧಗಳು ಅವರನ್ನೂ ಹೊರಡಿಸಿದವು. ದೇವರನ್ನು ಉಳಿಸಿಕೊಳ್ಳಲು ಓಡಿದವರೂ ದೇವರನ್ನು ಬದಲಿಸಿ ನಿಂತವರೂ ನೂರು ವರ್ಷಗಳ ಅಂತರದಲ್ಲಿ ಒಂದೇ ದಾರಿ ಹಿಡಿದರು. ಒಂದೇ ಭಾಷೆ ಆಡುತ್ತಿದ್ದ ಇವರು ಕೆನರಾದಲ್ಲಿ ಮತ್ತೆ ನೆರೆಹೊರೆಯವರಾದರು.

ಕಾರವಾರ, ಅಂಕೋಲೆಗಳು ಆಗ ಕೆಲಕಾಲ ಬಿಜಾಪುರದವರ, ಬಳಿಕ ಸೋಂದೆಯ ಅರಸರ ಅಧೀನದಲ್ಲಿದ್ದವು. ಅವುಗಳ ದಕ್ಷಿಣಕ್ಕೆ ಕೆಳದಿಯ ನಾಯಕರು. ಭತ್ತದ ಸೀಮೆಯಾದ ಕೆನರಾಕ್ಕೆ ದುಡಿಯುವ ಕೈ ಬೇಕಿತ್ತು. ವಲಸೆ ಬಂದ ಕ್ರೈಸ್ತರು ಒಳ್ಳೆಯ ಬೇಸಾಯಗಾರರು. ಅರಸರು ಭೂಮಿ ಕೊಟ್ಟರು, ಜನ ನೆಲೆನಿಂತರು. ಪೋರ್ಚುಗೀಸರಿಗೂ ಕೆಳದಿಯವರಿಗೂ ಜಗಳ ಎಷ್ಟಿತ್ತೋ ಅಕ್ಕಿಯ ವ್ಯವಹಾರವೂ ಅಷ್ಟೇ ಇತ್ತು. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರ ಒಪ್ಪಂದದಂತೆ, ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಅನುಮತಿ ದೊರೆತದ್ದು ಈಗಾಗಲೇ ಅಲ್ಲಿದ್ದ ಕ್ರೈಸ್ತರ ಆರಾಧನೆಗೆ. ಅಂದರೆ ಮೊದಲು ಬಂದವು ಮನೆಗಳು, ಆಮೇಲೆ ಬಂದದ್ದು ಇಗರ್ಜಿ. ಈ ಅನುಕ್ರಮ ಮುಖ್ಯ.

ಪಾದ್ರಿ ಇಲ್ಲದ ದಿನಗಳು

ವಲಸೆ ಬಂದವರಿಗೆ ಇದ್ದ ದೊಡ್ಡ ಕೊರತೆ ಪಾದ್ರಿಗಳದ್ದು. ಇದ್ದ ಕೆಲವರಲ್ಲೂ ಜಗಳ. ಪೋರ್ಚುಗಲ್ ದೊರೆಗೆ ಪೂರ್ವದೇಶದ ಚರ್ಚುಗಳ ಮೇಲೆ ‘ಪಾದ್ರೊಆದೊ’ ಎಂಬ ಹಕ್ಕಿತ್ತು. ರೋಮಿನ ಪೋಪ್ 1674ರಲ್ಲಿ ಗೋವೆಯವರೇ ಆದ ಬಿಶಪ್ ಥಾಮಸ್ ದೆ ಕಾಸ್ತ್ರೊ ಅವರನ್ನು ನೇರವಾಗಿ ಕೆನರಾಕ್ಕೆ ನೇಮಿಸಿದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಎರಡು ಪಕ್ಷವಾದರು. ಈ ಬಿಕ್ಕಟ್ಟಿನ ನಡುವೆ 1681ರಲ್ಲಿ ಗೋವೆಯಿಂದ ಬಂದವರು ಜೋಸೆಫ್ ವಾಜ್ ಎಂಬ 30ರ ಹರೆಯದ ಪಾದ್ರಿ. ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಕೊಂಕಣಿಗ. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳ ಸೀಮೆಯಲ್ಲಿ ಮೂರು ವರ್ಷ ಬರಿಗಾಲಲ್ಲಿ ಓಡಾಡಿದರು. ಒಡೆದ ಪಕ್ಷಗಳನ್ನು ಒಟ್ಟಿಗೆ ಕೂರಿಸಲು ಶ್ರಮಿಸಿದರು. ಚಿಕ್ಕ ಶಾಲೆಗಳನ್ನು ತೆರೆದರು, ಊರಿನವರೇ ನಡೆಸುವ ಭಕ್ತಸಂಘಗಳನ್ನು ಕಟ್ಟಿದರು.

ಈ ಸಂಘಗಳಿಗೆ ‘ಕೊನ್ಫ್ರಾರಿ’ ಎಂದು ಹೆಸರು. ಹಬ್ಬದ ಖರ್ಚು, ಬಡವನ ಹೆಣದ ಸಂಸ್ಕಾರ, ವಿಧವೆಯ ಮನೆಯ ಅಕ್ಕಿ ಇವುಗಳ ಹೊಣೆಯನ್ನು ಹೊರುತ್ತಿದ್ದವರು ಊರಿನ ರೈತರು, ಕುಶಲಕರ್ಮಿಗಳು. ಮಂಗಳೂರು ಕಡೆ ಒಂದೊಂದು ವಾಡೆಗೆ ‘ಗುರ್ಕಾರ’ ಎಂಬ ಹಿರಿಯನಿರುತ್ತಿದ್ದ. ಇಬ್ಬರ ನಡುವಿನ ಜಗಳ ಬಿಡಿಸುವುದು, ಮದುವೆ ಮಾತುಕತೆಗೆ ಸಾಕ್ಷಿಯಾಗುವುದು, ಸಾವಿನ ಮನೆಯಲ್ಲಿ ಮುಂದೆ ನಿಲ್ಲುವುದು ಅವನ ಕೆಲಸ. ಆತ ಪಾದ್ರಿಯಲ್ಲ, ವಿದ್ವಾಂಸನೂ ಅಲ್ಲ. ಆದರೆ ಪಾದ್ರಿ ವರ್ಷಕ್ಕೊಮ್ಮೆ ಬಂದು ಹೋಗುವ ಊರಿನಲ್ಲಿ ಉಳಿದ 364 ದಿನ ಧರ್ಮವನ್ನು ನಡೆಸಿದವನು ಅವನು.

ಜೋಸೆಫ್ ವಾಜ್ ಮುಂದೆ 1687ರಲ್ಲಿ ಸಿಂಹಳಕ್ಕೆ ಹೋದರು. ಡಚ್ಚರು ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ವಾಜ್ ಭಿಕ್ಷುಕನ ವೇಷದಲ್ಲಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಯಿಂದ ಮನೆಗೆ ತಿರುಗಿದರು. ಜಪಮಾಲೆ ನೋಡಿ ಯಾರ ಮುಖ ಅರಳುತ್ತದೋ ಅದೇ ಕ್ರೈಸ್ತರ ಮನೆ! ಬೋಧನೆಗೆ ಅವಕಾಶವಿಲ್ಲದ ಕಡೆ ಅವರು ನಂಬಿದ್ದು ನೆರೆಹೊರೆಯನ್ನು. ಊರೂರಲ್ಲಿ ಗೃಹಸ್ಥರಿಗೇ ಪ್ರಾರ್ಥನೆ ನಡೆಸುವ ಹೊಣೆ ವಹಿಸಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಮನೆಯವರೇ ಬಿಟ್ಟುಹೋದ ರೋಗಿಗಳ ಶುಶ್ರೂಷೆ ಮಾಡಿದರು. 1711ರಲ್ಲಿ ಅಲ್ಲೇ ತೀರಿಕೊಂಡ ಅವರನ್ನು 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಸಿಂಹಳದಲ್ಲಿ ಅವರು ಅನುಸರಿಸಿದ ರೀತಿಯ ಮೊದಲ ಅಭ್ಯಾಸ ನಡೆದದ್ದು ಕೆನರಾದ ಈ ಕರಾವಳಿಯಲ್ಲಿ ಎಂಬುದನ್ನು ನಮ್ಮಲ್ಲಿ ನೆನೆಯುವವರು ಕಡಿಮೆ.

ಈ ರೀತಿಗೆ ಎಲ್ಲಕ್ಕಿಂತ ಕಠಿಣ ಪರೀಕ್ಷೆ ಬಂದದ್ದು 1784ರಲ್ಲಿ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟೀಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಯಾದವರ ಸಂಖ್ಯೆ 60 ಸಾವಿರ ಎಂದು ಥಾಮಸ್ ಮನ್ರೊ, 30 ಸಾವಿರ ಎಂದು ಮಾರ್ಕ್ ವಿಲ್ಕ್ಸ್ ಬರೆದಿದ್ದಾರೆ. ಲೆಕ್ಕದಲ್ಲಿ ಇಷ್ಟು ವ್ಯತ್ಯಾಸವಿದ್ದರೂ ಇಗರ್ಜಿಗಳು ಬಿದ್ದದ್ದು, ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತದ್ದು ನಿರ್ವಿವಾದ. 1799ರಲ್ಲಿ ಟೀಪುವಿನ ಮರಣದ ನಂತರ ಬದುಕುಳಿದವರು ಹಿಂತಿರುಗಿದರು. ಹದಿನೈದು ವರ್ಷ ಇಗರ್ಜಿಯಿಲ್ಲ, ಪಾದ್ರಿಯಿಲ್ಲ. ಸೆರೆಯಲ್ಲಿ ಹುಟ್ಟಿದ ಮಗುವಿಗೆ ಪ್ರಾರ್ಥನೆ ಕಲಿಸಲು ಇದ್ದವರು ಹೆತ್ತವರು, ಅಜ್ಜಅಜ್ಜಿಯರು ಮಾತ್ರ. ಹಿಂತಿರುಗಿ ಬಂದವರು ಬಿದ್ದ ಇಗರ್ಜಿಗಳನ್ನು ಮತ್ತೆ ಎತ್ತಿ ಕಟ್ಟಿದರು ಎನ್ನುವಾಗ ಈ ಸಂಗತಿ ಮರೆಯಬಾರದು.

ಓವಿಯಲ್ಲಿ ಬಂದ ಕ್ರಿಸ್ತ

ಮನೆಯೊಳಗೆ ಧರ್ಮ ಉಳಿಯಬೇಕಾದರೆ ಮನೆಯ ಭಾಷೆ ಬೇಕು. ಇದನ್ನು ಚೆನ್ನಾಗಿ ಅರಿತವರು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಪಾದ್ರಿ. 1579ರಲ್ಲಿ ಗೋವೆಗೆ ಬಂದು 1619ರಲ್ಲಿ ಅಲ್ಲೇ ಕಣ್ಮುಚ್ಚಿದ ಅವರು ಕೊಂಕಣಿ, ಮರಾಠಿಗಳನ್ನು ಆಳವಾಗಿ ಕಲಿತರು. ಹಳೆಯ ಪುರಾಣಗಳನ್ನು ಬಿಟ್ಟು ಬಂದ ಹೊಸ ಕ್ರೈಸ್ತರಿಗೆ ಓದಲು ಏನೂ ಇಲ್ಲವೆಂಬ ಕೊರಗನ್ನು ಕಂಡು ‘ಕ್ರಿಸ್ತಪುರಾಣ’ ಬರೆದರು. 1616ರಲ್ಲಿ ಅಚ್ಚಾದ ಈ ಕಾವ್ಯದಲ್ಲಿ ಸುಮಾರು 11 ಸಾವಿರ ಓವಿಗಳಿವೆ. ಓವಿ ಎಂದರೆ ಜ್ಞಾನೇಶ್ವರಿಯ ಛಂದಸ್ಸು. ಹೆಂಗಸರು ಬೀಸುವಾಗ ಹಾಡಿಕೊಳ್ಳುವ ಹಾಡಿನ ಮಟ್ಟು. ಜನರು ಯಾವ ಧಾಟಿಯಲ್ಲಿ ವಿಠ್ಠಲನ ಕಥೆ ಕೇಳುತ್ತಿದ್ದರೋ ಅದೇ ಧಾಟಿಯಲ್ಲಿ ಕ್ರಿಸ್ತನ ಕಥೆ ಕೇಳತೊಡಗಿದರು.

ಈ ಗ್ರಂಥಕ್ಕೆ ಒದಗಿದ ಗತಿ ಕುತೂಹಲಕರ. 1684ರಲ್ಲಿ ಗೋವೆಯ ವೈಸರಾಯ್ ಹೊರಡಿಸಿದ ಆಜ್ಞೆಯ ಪ್ರಕಾರ ಜನರು ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕಿತ್ತು. ದೇಶಭಾಷೆಯ ಗ್ರಂಥಗಳು ಅಲ್ಲಿ ಕಣ್ಮರೆಯಾಗುತ್ತ ಬಂದವು. ಕ್ರಿಸ್ತಪುರಾಣದ ಮೊದಲ ಮುದ್ರಣದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ಉಳಿಸಿದವು ಕೆನರಾಕ್ಕೆ ವಲಸೆ ಬಂದ ಕುಟುಂಬಗಳು. ಅವರು ಕೈಬರಹದ ಪ್ರತಿಗಳನ್ನು ಕಾಪಾಡಿಕೊಂಡಿದ್ದರು, ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದರು. ಅಂಥ ಪ್ರತಿಗಳನ್ನು ಆಧರಿಸಿ ಜೋಸೆಫ್ ಎಲ್. ಸಲ್ಡಾನ್ಹಾ 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚುಹಾಕಿಸಿದರು. ಮುದ್ರಣಾಲಯವಿದ್ದ ರಾಜಧಾನಿ ಕಳೆದುಕೊಂಡದ್ದನ್ನು ಮುದ್ರಣಾಲಯವಿಲ್ಲದ ಹಳ್ಳಿಮನೆಗಳು ಉಳಿಸಿಕೊಟ್ಟವು.

ನೆರೆಮನೆಯ ಹಾದಿ

ಕೆನರಾದ ಕ್ರೈಸ್ತರ ಮದುವೆಯ ಮುನ್ನಾದಿನ ‘ರೋಸ್’ ಎಂಬ ಶಾಸ್ತ್ರವಿದೆ. ವಧು, ವರರಿಗೆ ಅವರವರ ಮನೆಯಲ್ಲಿ ಬಂಧುಗಳು ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ನಮ್ಮ ಅರಿಸಿನ ಎಣ್ಣೆಯ ಶಾಸ್ತ್ರವನ್ನು ಬಲ್ಲವರಿಗೆ ಇದರ ಮೂಲ ವಿವರಿಸಬೇಕಾಗಿಲ್ಲ. ಮಂಗಳೂರು ಕಡೆ ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಜನ್ಮದಿನ, ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಆಸುಪಾಸಿನ ದಿನಗಳಲ್ಲೇ ಪಕ್ಕದ ಹಿಂದೂ ಮನೆಯ ಬಾಗಿಲಿಗೂ ಕದಿರು ಕಟ್ಟಿರುತ್ತಾರೆ. ಗದ್ದೆ ಒಂದೇ, ಮಳೆ ಒಂದೇ, ಕೃತಜ್ಞತೆಯ ಪ್ರಾರ್ಥನೆ ಮಾತ್ರ ಬೇರೆ.

ಇವನ್ನು ‘ಹಳೆಯ ಧರ್ಮದ ಉಳಿಕೆಗಳು’ ಎಂದು ಕೈಬಿಡುವುದು ಸುಲಭ. 1736ರ ಆಜ್ಞೆ ನೋಡಿದ್ದೂ ಹಾಗೆಯೇ. ಆದರೆ ಈ ಉಳಿಕೆಗಳೇ ನೆರೆಯವರೊಂದಿಗಿನ ಸೇತುವೆಗಳಾದವು. ಮದುವೆಯ ಶಾಸ್ತ್ರ ಅರ್ಥವಾದ ಮನೆಗೆ ನೆರೆಯವರು ಬರುತ್ತಾರೆ. ಬಂದವರು ಪ್ರಾರ್ಥನೆಯನ್ನೂ ಕೇಳಿಸಿಕೊಳ್ಳುತ್ತಾರೆ. ಕೇಳಿದವರೆಲ್ಲ ಕ್ರೈಸ್ತರಾಗಲಿಲ್ಲ, ಆಗಬೇಕೆಂದು ಯಾರೂ ಕಾದಿರಲೂ ಇಲ್ಲ. ಚಂದಾವರದಲ್ಲಿ ಪ್ರತಿ ಡಿಸೆಂಬರ್ 3ರಂದು ನಡೆಯುವ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ. ಅವರು ಹರಕೆ ತೀರಿಸಿ ತಮ್ಮ ದೇವರ ಬಳಿಗೆ ಹಿಂತಿರುಗುತ್ತಾರೆ. ಹಂಚಿಕೊಳ್ಳುವುದಕ್ಕೂ ಸೇರಿಸಿಕೊಳ್ಳುವುದಕ್ಕೂ ಇರುವ ಅಂತರ ಕರಾವಳಿಯ ಜನರಿಗೆ ಹೀಗೆ ರೂಢಿಯಿಂದಲೇ ತಿಳಿದಿತ್ತು.

ಘಟ್ಟದ ಮೇಲೆ ಇದರ ಇನ್ನೊಂದು ರೂಪ ಕಾಣುತ್ತದೆ. ಗುಲಾಮರಾಗಿ ಗೋವೆಗೆ ತರಲ್ಪಟ್ಟ ಆಫ್ರಿಕನ್ನರ ಸಂತತಿಯವರಾದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಧರ್ಮ ಬೇರೆಯಾದರೂ ಡಮಾಮಿಯ ಬಡಿತಕ್ಕೆ ಕುಣಿಯುವಾಗ ಅವರು ಸಿದ್ದಿಗಳು ಮಾತ್ರ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಾಗಲೂ ಅದು ಒಂದೇ ಸಮುದಾಯಕ್ಕೆ ಸಿಕ್ಕ ಮಾನ್ಯತೆಯಾಗಿತ್ತು.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಸಂಬಂಧಗಳ ದಾರಿಯಲ್ಲಿ ಬಂದ ಧರ್ಮ ಆ ಸಂಬಂಧಗಳ ದೋಷವನ್ನೂ ಹೊತ್ತು ತಂದಿತು. ಬಾಮಣ್, ಚಾರ್ಡಿ, ಸುದಿರ್ ಎಂಬ ಜಾತಿಭೇದಗಳು ಗೋವೆಯಿಂದ ಕೆನರಾಕ್ಕೂ ಬಂದವು. ಕೊನ್ಫ್ರಾರಿಗಳಲ್ಲಿ, ಮದುವೆ ಸಂಬಂಧಗಳಲ್ಲಿ ಅವು ಬಹುಕಾಲ ನಡೆದವು. ಒಂದೇ ಬೆಂಚಿನಲ್ಲಿ ಕೂರುವವರು ಬೀಗರಾಗುತ್ತಿರಲಿಲ್ಲ. ತಮ್ಮವರೊಳಗೆ ಮಾತ್ರ ಹಂಚಿಕೊಂಡದ್ದು ತಮ್ಮವರಲ್ಲದವರ ಬಾಗಿಲಲ್ಲಿ ನಿಂತುಬಿಡುತ್ತದೆ.

ಬಾಗಿಲು ಮುಚ್ಚಿದಾಗ

ಮನೆಯ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಪ್ರಾಟೆಸ್ಟಂಟ್ ಮಿಶನರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆ ಎಲ್ಲರಿಗೂ ತಿಳಿದದ್ದೇ. ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ 1843ರಲ್ಲಿ, ಕಿಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದವು. ಅವರ ಕ್ರಮ ವ್ಯಕ್ತಿಯೊಬ್ಬನ ವಿಚಾರವನ್ನು ಬದಲಿಸುವುದು. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಬಂಧುಗಳು ದೂರವಾದರು. ಪತ್ನಿಯೊಂದಿಗಿನ ಸಂಸಾರ ಮುರಿಯಿತು. ಬಾಸೆಲ್‌ಗೆ ಹೋಗಿ ಕಲಿತು 1851ರಲ್ಲಿ ಪಾದ್ರಿಯಾಗಿ ಮರಳಿದ ಅವರು ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ವರಿಸಿದರು.

ಮನೆಯಿಂದ ಹೊರಬಿದ್ದವನು ಕಸುಬನ್ನೂ ಕಳೆದುಕೊಳ್ಳುತ್ತಿದ್ದ. ಹೀಗೆ ನಿರ್ಗತಿಕರಾದವರಿಗೆ ಮಿಶನ್ ಕೆಲಸ ಕೊಡಬೇಕಾಯಿತು. ನೇಯ್ಗೆ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಒತ್ತಡವೂ ಇತ್ತು. ಮಿಶನ್ ಕಂಪೌಂಡೇ ಅವರಿಗೆ ಹೊಸ ಊರು, ಮಿಶನರಿಯೇ ಯಜಮಾನ. ಕರಾವಳಿಯ ಹೆಂಚು ದೇಶವಿದೇಶಗಳ ಮನೆಗಳ ಮೇಲೆ ಕುಳಿತಿತು. ಆದರೆ ಕಂಪೌಂಡಿನ ಗೋಡೆಯ ಹೊರಗೆ, ಬಿಟ್ಟುಬಂದ ಅಣ್ಣತಮ್ಮಂದಿರ ಜೊತೆ ಮಾತು ನಿಂತುಹೋಯಿತು. ಧರ್ಮದ ವಿಷಯ ಹಾಗಿರಲಿ, ಕಷ್ಟಸುಖದ ಮಾತೂ ನಿಂತಿತು.

ಆ ಗೋಡೆಯನ್ನು ದಾಟಿದವರೂ ಅದೇ ಪರಂಪರೆಯಿಂದ ಬಂದರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪ ಬಾಸೆಲ್ ಮಿಶನ್ನಿನ ಪಾದ್ರಿ. ಊರೂರು ಅಲೆದು ಹಸ್ತಪ್ರತಿಗಳನ್ನು ಸಂಗ್ರಹಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಸರ್ವಜ್ಞನನ್ನು ಹುಡುಕಿಕೊಂಡು ಬಂದ ಪಾದ್ರಿಗೆ ಮಠದ ಬಾಗಿಲೂ ರೈತನ ಬಾಗಿಲೂ ತೆರೆದವು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು ತಮ್ಮ ಕ್ರೈಸ್ತ ನಂಬಿಕೆಯನ್ನು ಎಂದೂ ಮರೆಮಾಚಲಿಲ್ಲ, ಎದುರಿನವನ ನಂಬಿಕೆಯನ್ನು ಹಳಿಯಲೂ ಇಲ್ಲ.

ಗೆರೆ ಎಲ್ಲಿ?

ಸ್ವತಂತ್ರ ಭಾರತದ ಸಂವಿಧಾನ ರಚನಾ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಈ ವಿಷಯದ ಮೇಲೆ ದೊಡ್ಡ ಚರ್ಚೆ ನಡೆಯಿತು. ಧರ್ಮವನ್ನು ಆಚರಿಸುವ ಹಕ್ಕಿನ ಜೊತೆಗೆ ‘ಪ್ರಚಾರ ಮಾಡುವ’ ಹಕ್ಕೂ ಇರಬೇಕೆ? ಲೋಕನಾಥ ಮಿಶ್ರ ಮೊದಲಾದವರು ಬೇಡವೆಂದರು. ಟಿ.ಟಿ. ಕೃಷ್ಣಮಾಚಾರಿ, ಕೆ.ಎಂ. ಮುನ್ಶಿ ಮೊದಲಾದವರು ಇರಲಿ ಎಂದರು. ಕೊನೆಗೆ ಆ ಪದ 25ನೇ ವಿಧಿಯಲ್ಲಿ ಉಳಿಯಿತು. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದರ ಅರ್ಥ ಹೇಳಿತು. ತನ್ನ ಧರ್ಮದ ತತ್ವಗಳನ್ನು ತಿಳಿಸಿ ಹೇಳುವ ಹಕ್ಕು ಎಲ್ಲರಿಗೂ ಇದೆ. ಇನ್ನೊಬ್ಬನನ್ನು ಮತಾಂತರಿಸುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂಬುದು ಆ ತೀರ್ಪಿನ ಸಾರ. ಕರ್ನಾಟಕದಲ್ಲಿ ಮತಾಂತರವನ್ನು ನಿರ್ಬಂಧಿಸುವ ಕಾಯ್ದೆ 2022ರಲ್ಲಿ ಬಂತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು. ವಾದ ಇನ್ನೂ ತಣ್ಣಗಾಗಿಲ್ಲ.

ವಾದಿಸುವ ಎರಡೂ ಕಡೆಯವರು ಕರಾವಳಿಯ ಇತಿಹಾಸದಿಂದ ಕಲಿಯಬಹುದಾದದ್ದಿದೆ. ಗೋವೆಯಲ್ಲಿ ಅಧಿಕಾರ ಧರ್ಮವನ್ನು ಹೇರಿತು. ಅದರ ಫಲವಾಗಿ ಹಿಂದೂಗಳೂ ಓಡಿದರು, ಕ್ರೈಸ್ತರೂ ಓಡಿದರು. 1784ರಲ್ಲಿ ಇನ್ನೊಂದು ಅಧಿಕಾರ ಧರ್ಮವನ್ನು ಕಿತ್ತೊಗೆಯಲು ನೋಡಿತು, ಅದೂ ಸಾಧ್ಯವಾಗಲಿಲ್ಲ. ಒಬ್ಬ ತನ್ನ ನಂಬಿಕೆಯನ್ನು ಮರೆಮಾಚದೆ ಬದುಕುತ್ತಾನೆ, ಪಕ್ಕದವನ ಕಷ್ಟಕ್ಕೆ ಒದಗುತ್ತಾನೆ, ಕೇಳಿದರೆ ಕಾರಣ ಹೇಳುತ್ತಾನೆ. ಇದು ಹಂಚಿಕೊಳ್ಳುವುದು. ಆ ಕಷ್ಟವನ್ನೇ ಕಾದು ಕುಳಿತು ಷರತ್ತು ಹಾಕಿದರೆ ಅದು ವ್ಯಾಪಾರ. ಕ್ಯಾಥೊಲಿಕ್ ಚರ್ಚ್ ಕೂಡ ಈ ಅಂತರವನ್ನು ತನ್ನದೇ ಮಾತಿನಲ್ಲಿ ಹೇಳಿದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಗೃಹಸ್ಥರ ಪಾತ್ರಕ್ಕೆ ಪ್ರತ್ಯೇಕ ಘೋಷಣೆಯನ್ನೇ ಮೀಸಲಿಟ್ಟಿತು. ಮಾತಿಲ್ಲದ ಬದುಕಿನ ಸಾಕ್ಷ್ಯವೇ ಮೊದಲ ಬೋಧನೆ ಎಂದು ಆರನೇ ಪೌಲ್ ಪೋಪ್ 1975ರಲ್ಲಿ ಬರೆದರು. ಅದೇ ಮಹಾಸಭೆಯ ನಂತರ ಲ್ಯಾಟಿನ್ ಪೂಜೆ ಹೋಗಿ ಕೊಂಕಣಿ, ಕನ್ನಡಗಳ ಪೂಜೆ ಬಂತು. ಮನೆಯ ಭಾಷೆ ಕೊನೆಗೂ ಇಗರ್ಜಿಯ ಪೀಠಕ್ಕೇರಿತು.

ವಾಡೆಯೇ ಇಲ್ಲವಾದರೆ?

ಆಡಳಿತದಲ್ಲೂ ಕಾರವಾರ ನಿಧಾನವಾಗಿ ತನ್ನ ಕಾಲ ಮೇಲೆ ನಿಂತಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಅದು ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಇಲ್ಲಿನ ಇಗರ್ಜಿಗಳು ಗೋವೆಯ ಮಹಾಧರ್ಮಪ್ರಾಂತದಿಂದ 1953ರಲ್ಲಿ ಹೊಸ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದವು. 1976ರಲ್ಲಿ ಕಾರವಾರಕ್ಕೇ ಪ್ರತ್ಯೇಕ ಧರ್ಮಪ್ರಾಂತ ಬಂತು. ಬಿಶಪ್, ಕಚೇರಿ, ಶಾಲೆ ಎಲ್ಲ ಆದವು.

ಆದರೆ ನಂಬಿಕೆಯನ್ನು ಹೊತ್ತು ತಂದ ವಾಡೆಗಳು ಇದೇ ಕಾಲದಲ್ಲಿ ಸಡಿಲವಾದವು. ಮೊದಲು ಮುಂಬಯಿ, ಆಮೇಲೆ ಕೊಲ್ಲಿ ರಾಷ್ಟ್ರಗಳು ಯುವಕರನ್ನು ಕರೆದವು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ‘ಐ.ಎನ್.ಎಸ್. ಕದಂಬ’ ಎಂಬ ಹೆಸರು ಪಡೆದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕರಾವಳಿ ಹಳ್ಳಿಗಳ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. ಅವರಲ್ಲಿ ಎಲ್ಲ ಜಾತಿ, ಧರ್ಮದವರಿದ್ದರು. ಪರಿಹಾರದ ಕಡತದಲ್ಲಿ ಮನೆ, ಮರ, ಗುಂಟೆ ಲೆಕ್ಕವಾಗುತ್ತದೆ. ಯಾರ ಮನೆಯ ಪಕ್ಕದಲ್ಲಿ ಯಾರ ಮನೆಯಿತ್ತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಬಿಣಗಾದ ಎದುರಿಗಿರುವ ಅಂಜುದೀವ ದ್ವೀಪದಲ್ಲಿ ಪೋರ್ಚುಗೀಸರು 1682ರಲ್ಲಿ ಕಟ್ಟತೊಡಗಿದ ಕೋಟೆಯೂ ಅದರೊಳಗೆ ಮಾತೆಯ ಹಳೆಯ ಇಗರ್ಜಿಯೂ ಇವೆ. ಹಬ್ಬಕ್ಕೆ ಜನ ದೋಣಿಯಲ್ಲಿ ಹೋಗಿಬರುತ್ತಿದ್ದ ದ್ವೀಪವದು. ನೌಕಾಪಡೆಯ ವಶಕ್ಕೆ ಸೇರಿದ ಮೇಲೆ ಆ ಮುಕ್ತ ಓಡಾಟ ನಿಂತಿತು.

ಹಿಂದೆ ಕೆಳದಿಯ ರಾಣಿಯ ಅನುಮತಿಗಿಂತ ಮೊದಲೇ, ಪಾದ್ರಿಯ ಆಗಮನಕ್ಕಿಂತ ಮೊದಲೇ ಇಲ್ಲಿ ಮನೆಗಳಿದ್ದವು. ಮನೆಗಳಿದ್ದುದರಿಂದ ನಂಬಿಕೆ ಉಳಿಯಿತು, ನೆರೆಯವರಿದ್ದುದರಿಂದ ಅದು ಹಗೆಯಾಗದೆ ಉಳಿಯಿತು. ಈಗ ಇಗರ್ಜಿಗೆ ಗೋಡೆ ಗಟ್ಟಿಯಿದೆ, ದೇವಸ್ಥಾನಗಳಿಗೂ ಹೊಸ ಗೋಪುರಗಳು ಬಂದಿವೆ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಪಕ್ಕದ ಮನೆಯವರು ಅಂಗಳದಲ್ಲಿ ಬಂದು ಕೂರುವಷ್ಟು ಸಲುಗೆ ಉಳಿದಿದೆಯೇ ಎಂಬುದನ್ನು ಮಾತ್ರ ಯಾವ ಜನಗಣತಿಯೂ ಕೇಳುವುದಿಲ್ಲ. ಅದನ್ನು ಆಯಾ ಮನೆಯವರೇ ಕೇಳಿಕೊಳ್ಳಬೇಕು.